ತೋಳಿಗೆ ಕಟ್ಟಿಕೊಂಡ ಬಿಬ್ಬಾ

ಏಕಸಂಬಿಯ ನಮ್ಮ ಮನೆಯಲ್ಲಿ ಕೂಸಿಗೆ ದೃಷ್ಟಿಯಾಗಬಾರದೆಂದು ಬಿಬ್ಬಾ ಕಟ್ಟುತ್ತಿದ್ದರು. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಆ ಕರಿ ಬೀಜ. ಅದನ್ನು ದಬ್ಬಣದಿಂದ ಚುಚ್ಚಿ, ಕರಿದಾರಕ್ಕೆ ಪೋಣಿಸಿ ತೋಳಿಗೆ ಬಿಗಿದರೆ ಯಾರ ಕೆಟ್ಟ ಕಣ್ಣೂ ಹತ್ತುವುದಿಲ್ಲ ಎಂದು ಅತ್ತೆಯ ನಂಬಿಕೆ. ಎಂಬತ್ತರ ದಶಕದ ಕೊನೆಗೆ, ನನ್ನ ಮಗಳು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ, ಅವಳಿಗೆ ಮೊದಲು ಕಟ್ಟಿದ್ದ ಬಿಬ್ಬಾದ ದಾರ ಹರಿಯಿತು. ಅತ್ತೆ ಹೊಸ ಬಿಬ್ಬಾ ಕಟ್ಟಿದರು. ಎರಡು ದಿನ ಏನೂ ಆಗಲಿಲ್ಲ. ಆಮೇಲೆ ತೋಳು ಕೆಂಪಾಯಿತು, ನೀರುಗುಳ್ಳೆ ಎದ್ದವು, ಕೂಸು ಕೆರೆದುಕೊಂಡು ಕೆರೆದುಕೊಂಡು ಅತ್ತಿತು.

ಗುಳ್ಳೆ ಎದ್ದ ದಿನ ಬೆಳಿಗ್ಗೆ ಮಗಳನ್ನು ಎತ್ತಿ ಆಡಿಸಿದವಳು ನನ್ನ ನೆಗೆಣ್ಣಿ, ಭಾವನ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ. ಅಷ್ಟು ಸಾಕಾಯಿತು. ಬಂಜೆಯ ಕಣ್ಣು ಹತ್ತಿದೆ ಎಂದು ಅತ್ತೆ ತೀರ್ಪು ಕೊಟ್ಟರು. ಈ ಮಾತು ಬರೆಯುವಾಗಲೂ ನನ್ನ ಬಾಯಿ ಕಹಿಯಾಗುತ್ತದೆ. ಮೇಲೆ ಇನ್ನೊಂದು ದೊಡ್ಡ ಬಿಬ್ಬಾ ಬಿಗಿದರು. ಗುಳ್ಳೆ ಮೊಣಕೈ ದಾಟಿದವು. ನೆಗೆಣ್ಣಿಯನ್ನು ಜುಗೂಳದ ತವರಿಗೆ ಅಟ್ಟಿದರು, ಭಾವನಿಗೆ ಬೇರೆ ಹೆಣ್ಣು ನೋಡುವ ಮಾತೂ ಶುರುವಾಯಿತು. ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನುವ ಗಂಡಸರು ನಮ್ಮವರು, ಭಾವನೂ ಅದರಲ್ಲೊಬ್ಬ. ನನಗೆ ಮೈಯೆಲ್ಲ ಉರಿದುಹೋಯಿತು.

ಯಾರನ್ನೂ ಕೇಳದೆ ಕೂಸನ್ನೆತ್ತಿಕೊಂಡು ನಿಪ್ಪಾಣಿಯ ಬಸ್ಸು ಹತ್ತಿದೆ. ಅಲ್ಲಿಯ ಚರ್ಮದ ಡಾಕ್ಟರು ಮೊದಲು ದಾರ ಕತ್ತರಿಸಿ ಬಿಸಾಕಿದರು. ಬಿಬ್ಬಾದ ಸೊನೆ ಮೊದಲ ಸಲ ತಾಗಿದಾಗ ಕೆಲವರ ಮೈ ಸುಮ್ಮನೆ ಅದರ ಗುರುತು ಇಟ್ಟುಕೊಳ್ಳುತ್ತದಂತೆ. ರಕ್ತದೊಳಗಿನ ಕಾವಲಿನ ಕಣಗಳು ಅದನ್ನು ಮರೆಯುವುದಿಲ್ಲ. ಮತ್ತೆ ತಾಗಿದರೆ ಅದೇ ಜಾಗಕ್ಕೆ ದಂಡೆತ್ತಿ ಬರುತ್ತವೆ. ಆದರೆ ಕೂಡಿ ಬರಲು ಒಂದೆರಡು ದಿನ ಹಿಡಿಯುತ್ತದೆ.

"ಅದಕ್ಕ ಮಂದಿ ಇವತ್ತಿನ ಗುಳ್ಳಿಗೆ ಇವತ್ತ ಬಂದವ್ರನ್ನ ಹಿಡೀತಾರ ನೋಡ್ರಿ" ಎಂದರು.

ಮನೆಗೆ ಬಂದು ಹೇಳಿದರೆ ಅತ್ತೆ ನಕ್ಕರು. ಈ ಮನೆಯ ಮಕ್ಕಳೆಲ್ಲ ಬಿಬ್ಬಾ ಕಟ್ಟಿಕೊಂಡೇ ಬೆಳೆದವರು, ಡಾಕ್ಟರನಿಗೆ ಕಣ್ಣಿನ ಸಂಗತಿ ಏನು ಗೊತ್ತು ಎಂದರು. ಹಾಗಾದರೆ ನನಗೆ ಕಟ್ಟಿರಿ ಎಂದೆ. ಚಿಕ್ಕಂದಿನಲ್ಲಿ ನನ್ನ ಒಡೆದ ಹಿಮ್ಮಡಿಗೆ ಅವ್ವ ಬಿಬ್ಬಾ ಕಾಸಿ ಹಚ್ಚಿದಾಗ ಕಾಲು ಊದಿಕೊಂಡಿತ್ತು. ನನ್ನ ಮೈಗೆ ಅದರ ಗುರುತು ಉಂಟೆಂದು ನನಗೆ ಗೊತ್ತಿತ್ತು. ಇರಲಾರದೆ ಇರುವೆ ಬಿಟ್ಟುಕೊಳ್ಳುತ್ತಾಳೆ ಎಂದು ಗೊಣಗುತ್ತ ಅತ್ತೆ ತಮ್ಮ ಕೈಯಾರೆ ಚುಚ್ಚಿ ಕಟ್ಟಿದರು.

ಮರುದಿನ ತೋಳು ನುಣ್ಣಗಿತ್ತು. ಅತ್ತೆ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು, ಕಲಿತವರ ಶಾಣೇತನ ನೋಡಿ ಎಂದು ಕಾಲೆಳೆದರು. ನಾನು ಹಲ್ಲು ಕಚ್ಚಿ ರೊಟ್ಟಿ ಬಡಿದೆ. ಅದರ ಮರುದಿನ ಬೆಳಗಾಗುವಷ್ಟರಲ್ಲಿ ತೋಳು ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿ, ಗುಳ್ಳೆ ಒಡೆದು ನೀರು ಸೋರುತ್ತಿತ್ತು. ಅದೇ ಹೆಂಗಸರನ್ನು ಈ ಸಲ ನಾನು ಕರೆದೆ. ಅವರೆದುರಿಗೆ ತೋಳನ್ನು ಅತ್ತೆಯ ಮುಖದ ಮುಂದೆ ಹಿಡಿದೆ.

"ಆಕಿ ಜುಗೂಳದಾಗ ಅದಾಳ್ರಿ ಅತ್ತಿ. ಮತ್ತ ನನಗ ಯಾರ ಕಣ್ಣ ಹತ್ತೇತಿ? ಮನ್ಯಾಗ ಉಳದ ಹೆಂಗಸ್ರು ನೀವೊಬ್ರ."

ಅತ್ತೆ ಒಲೆಯ ಕಡೆಗೆ ತಿರುಗಿದರು.

ಅವತ್ತೇ ಭಾವನನ್ನು ಮುಂದೆ ಹಾಕಿಕೊಂಡು ಜುಗೂಳಕ್ಕೆ ಹೋದೆ. ನೆಗೆಣ್ಣಿ ಬಾಗಿಲಿಗೆ ಬಂದಳು. ನನ್ನ ಸೊಂಟದ ಮೇಲಿದ್ದ ಕೂಸನ್ನು ಕಂಡದ್ದೇ ತಡ, ಮುಖದ ಮೇಲೆ ಸೆರಗೆಳೆದುಕೊಂಡು ಗೋಡೆಗೆ ತಿರುಗಿ ಕುಳಿತಳು. ಆಕಡೆ ಒಯ್ಯಿ ತಂಗಿ, ನಾ ನೋಡಂಗಿಲ್ಲ ಎಂದು ಅತ್ತಳು. ಅವಳೂ ನಂಬಿಬಿಟ್ಟಿದ್ದಳು! ನನ್ನ ತೋಳಿನ ಉರಿ ಅದರ ಮುಂದೆ ಏನೂ ಅಲ್ಲ. ನಾನು ಮಗಳನ್ನು ಅವಳ ತೊಡೆಯ ಮೇಲೆ ಕೂಡಿಸಿದೆ. ಮಗಳು ಸೆರಗು ಹಿಡಿದು ಜಗ್ಗಿದಳು. ನೆಗೆಣ್ಣಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದಳು.

"ಕಣ್ಣ ತೆಗಿ ಅಕ್ಕಾ," ಎಂದೆ. "ಕಣ್ತುಂಬ ನೋಡು. ಏನ ಆಗ್ತೈತೋ ನಾನೂ ನೋಡ್ತೇನಿ."