ಸಾಧ್ಯತೆ ಕಡಿಮೆ ಎಂದು ಬರೆದಿದ್ದೆ

ಮೊನ್ನೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಹೆಂಗಸಿನ ಮಡಿಲಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಮಲ್ಲಿಗೆಯ ಚೆಂಡಿತ್ತು. ಆ ಪರಿಮಳಕ್ಕೆ ಕಾಪುವಿನ ಬಾಯಮ್ಮ ನೆನಪಾದರು. ಹಿತ್ತಲ ತುಂಬ ಮಲ್ಲಿಗೆ ಬೆಳೆಯುತ್ತಿದ್ದ ಆ ಕ್ರಿಶ್ಚಿಯನ್ ಹೆಂಗಸನ್ನು ಅಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು.

ಆಗ ನಾನು ಮಕ್ಕಳ ರಕ್ಷಣೆಯ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಹೊಡೆತ ತಿಂದ ಮಗುವಿನ ಮನೆಗೆ ಹೋಗಿ, ಮತ್ತೆ ಹಾಗಾಗುವ ಅಪಾಯ ಎಷ್ಟಿದೆ ಎಂದು ನೋಡಿ ವರದಿ ಕೊಡಬೇಕಿತ್ತು. ಬಾಯಮ್ಮನ ನೆರೆಮನೆಯಲ್ಲಿ ಏಳು ವರ್ಷದ ಹುಡುಗಿ. ತಾಯಿ ಕುವೈಟಿನಲ್ಲಿ ಮನೆಗೆಲಸಕ್ಕಿದ್ದಳು. ಬೆನ್ನ ಮೇಲಿನ ಬಾಸುಂಡೆ ನೋಡಿ ಶಾಲೆಯ ಟೀಚರು ದೂರು ಕೊಟ್ಟಿದ್ದರು.

ತಂದೆ ನನ್ನೆದುರು ಅತ್ತ. ಸಿಟ್ಟಿನಲ್ಲಿ ಒಮ್ಮೆ ಹೊಡೆದೆ, ಇನ್ನು ಹೊಡೆಯುವುದಿಲ್ಲ ಎಂದು ಮಗಳ ತಲೆ ಮುಟ್ಟಿ ಹೇಳಿದ. ಅಪ್ಪನ ಹೆದರಿಕೆ ಉಂಟಾ ಎಂದು ಹುಡುಗಿಯನ್ನು ಕೇಳಿದೆ. ಅವನ ಕೈ ಇನ್ನೂ ಅವಳ ತಲೆಯ ಮೇಲೆಯೇ ಇತ್ತು. ಇಲ್ಲ ಎಂದಳು...

ಹೊರಬರುವಾಗ ಬಾಯಮ್ಮ ಎರಡು ಮನೆಗಳ ನಡುವಿನ ಪಾಗಾರದ ಗೋಡೆಯ ಆಚೆಯಿಂದ ಕರೆದರು.

"ಅವನ ಎದುರೇ ಕೇಳಿದ್ದಾ ಮೇಡಂ? ಒಬ್ಬಳನ್ನೇ ಕೂರಿಸಿ ಕೇಳಿ. ಮೊದಲು ಕೈಯಲ್ಲಿ ಹೊಡೀತಿದ್ದ, ಈಗ ಬೆಲ್ಟಿನಲ್ಲಿ. ಜಾಸ್ತಿ ಆಗ್ತಾ ಉಂಟು."

ಆ ಹೆಂಗಸಿಗೂ ತನಗೂ ಪಾಗಾರದ ತಕರಾರಿದೆ, ಅವಳ ಮಾತು ನಂಬಬೇಡಿ ಎಂದು ಅವನು ಮೊದಲೇ ಹೇಳಿಟ್ಟಿದ್ದ. ಇನ್ನೂ ಎರಡು ಮನೆ ಬಾಕಿಯಿದ್ದ ನನಗೆ ಅದೇ ಅನುಕೂಲವಾಯಿತು. ಬಸ್ಸಿನಲ್ಲಿ ಕೂತು ಬರೆದೆ: ಮರುಕಳಿಸುವ ಸಾಧ್ಯತೆ ಕಡಿಮೆ, ನೆರೆಯವರ ಹೇಳಿಕೆಗೆ ವೈಯಕ್ತಿಕ ದ್ವೇಷ ಕಾರಣ.

ತಿಂಗಳು ಕಳೆಯುವುದರೊಳಗೆ ಮಣಿಪಾಲದ ಆಸ್ಪತ್ರೆಯಿಂದ ಫೋನ್ ಬಂತು. ಕೂಗು ಕೇಳಿ ಬಾಯಮ್ಮ ಹಿಂಬಾಗಿಲು ದೂಡಿ ಒಳನುಗ್ಗಿ, ಮಗುವನ್ನು ಅವನ ಕೈಯಿಂದ ಬಿಡಿಸಿ ರಿಕ್ಷಾದಲ್ಲಿ ಕರೆತಂದಿದ್ದರು. ಹುಡುಗಿಯ ಎಡಗೈ ಎರಡು ಕಡೆ ಮುರಿದಿತ್ತು. ಅವನು ದೂಡಿದ್ದಕ್ಕೆ ಬಾಯಮ್ಮನ ಹಣೆಯೂ ಊದಿತ್ತು. ಬೈಯುತ್ತಾರೆ ಎಂದುಕೊಂಡೇ ಹತ್ತಿರ ಹೋದೆ.

"ತಪ್ಪು ನನ್ನದೇ ಮೇಡಂ," ಎಂದರು. "ಅವತ್ತು ನಿಮಗೆ ಇನ್ನೂ ಸಮ ಬಿಡಿಸಿ ಹೇಳಬೇಕಿತ್ತು."

ನೀವು ಸರಿಯಾಗಿಯೇ ಹೇಳಿದ್ದಿರಿ, ಕೇಳದವಳು ನಾನು... ಇಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ. ಸುಮ್ಮನೆ ತಲೆಯಾಡಿಸಿದೆ. ಅದನ್ನವರು ಒಪ್ಪಿಗೆ ಎಂದೇ ತಿಳಿದಿರಬೇಕು.

ಬಾಯಮ್ಮನ ಸಾಕ್ಷಿಯಿಂದ ಅವನಿಗೆ ಶಿಕ್ಷೆಯಾಯಿತು. ಹುಡುಗಿ ಕಾರ್ಕಳದ ಚಿಕ್ಕಮ್ಮನ ಮನೆಯಲ್ಲಿ ಬೆಳೆದು ಈಗ ಕಾಲೇಜಿಗೆ ಹೋಗುತ್ತಾಳೆ. ಅಂದಿನಿಂದ ನಾನು ಯಾವ ಮಗುವನ್ನೂ ದೊಡ್ಡವರ ಎದುರು ಪ್ರಶ್ನಿಸಿಲ್ಲ. ಅದರಿಂದ ಅವಳ ಎಡಗೈಯೇನೂ ನೆಟ್ಟಗಾಗಲಿಲ್ಲ.

ಮೊನ್ನೆ ಮನೆಗೆ ಹೋಗುವ ಬಸ್ಸು ಬಿಟ್ಟು ಕಾಪುವಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬಾಗಿಲು ತೆರೆದದ್ದು ಅವರ ಸೊಸೆ.

"ಅತ್ತೆ ತೀರಿಹೋಗಿ ಎರಡು ವರ್ಷ ಆಯ್ತಲ್ಲ," ಎಂದಳು. "ನೀವು ಯಾರು? ಎಂತ ವಿಷಯ?"

ಅವಳಿಗಾದರೂ ಹೇಳಬಹುದಿತ್ತು.

"ಏನಿಲ್ಲ, ಪರಿಚಯದವಳು. ಹೀಗೇ ಬಂದೆ," ಎಂದೆ.