ಗುರುತು ಸಿಗದಂತೆ ಹೊಲಿದ ಬಟ್ಟೆ

ಆ ಊರಿನಲ್ಲಿ ಟೇಪಕ್ಕನನ್ನು ಅರಿಯದವರಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಒತ್ತರಿಸಿಕೊಂಡು ಕೂತಿದ್ದ ಒಂದೇ ಕೋಣೆಯ ಹೊಲಿಗೆ ಅಂಗಡಿ ಅವಳದು. ಬಾಗಿಲ ಪಕ್ಕ ಕಾಲಲ್ಲಿ ತುಳಿಯುವ ಹಳೆಯ ಯಂತ್ರ, ಗೋಡೆಗೆ ತಾಗಿಸಿ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಪರದೆ, ಪರದೆಯ ಹಿಂದೆ ಆಳೆತ್ತರದ ಕನ್ನಡಿ. ಅಳತೆ ಟೇಪು ಕೊರಳಿನಿಂದ ಇಳಿಯುತ್ತಲೇ ಇರಲಿಲ್ಲವಾದ್ದರಿಂದ ಆ ಹೆಸರು ಬಂತೆಂದು ಗಿರಾಕಿಗಳು ಹೇಳುತ್ತಿದ್ದರು. ಅದಲ್ಲ, ಒಮ್ಮೆ ಬಾಯಿ ತೆರೆದರೆ ಟೇಪ್ ರೆಕಾರ್ಡರಿನ ಹಾಗೆ ನಿಲ್ಲುವುದೇ ಇಲ್ಲ, ಅದಕ್ಕೆ, ಎಂದು ಅವಳ ಅತ್ತೆ ಹೇಳುತ್ತಿದ್ದಳು. ಅತ್ತೆಯೂ ಆ ಅಂಗಡಿಯವಳೇ. ಕಣ್ಣು ಮಂಜಾಗಿದ್ದರೂ ಗುಂಡಿಯ ಕಾಜ ಹೊಲಿಯುವುದರಲ್ಲಿ ಅವಳ ಬೆರಳಿಗೆ ಸರಿಸಾಟಿ ಇರಲಿಲ್ಲ. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಓಣಿಯಲ್ಲಿ ಹೋಗಿ ಬರುವವರನ್ನೆಲ್ಲ ಹೆಜ್ಜೆಯ ಸದ್ದಿನಲ್ಲೇ ಗುರುತಿಸಿ ಮಾತನಾಡಿಸುತ್ತಿದ್ದಳು.

ಟೇಪಕ್ಕನ ಗಂಡ ವಿದ್ಯುತ್ ಇಲಾಖೆಯ ಲೈನ್‌ಮನ್. ಆ ವರ್ಷ ಕಡಲ ಕಡೆ ಭಾರಿ ಚಂಡಮಾರುತ ಬಂದು ಊರಿಗೆ ಊರೇ ನೆಲ ಕಚ್ಚಿದಾಗ, ಬಿದ್ದ ಕಂಬ ನಿಲ್ಲಿಸಲು ಎಲ್ಲೆಡೆಯಿಂದ ಲೈನ್‌ಮನ್‌ಗಳನ್ನು ಕರೆಸಿದರು. ಅವನೂ ಹಗ್ಗ, ಹೆಲ್ಮೆಟ್ಟು, ಎರಡು ಜೊತೆ ಬಟ್ಟೆ ತುಂಬಿಕೊಂಡು ಲಾರಿ ಹತ್ತಿದ. ಅವನು ಅತ್ತ ಹೋಗುತ್ತಿದ್ದಂತೆ ಅಲ್ಲಿನ ಜನ ಇತ್ತ ಬಂದರು. ಕಡಲಿನಿಂದ ದೂರವಿದ್ದ ಈ ಊರಿನ ಒಳಾಂಗಣ ಕ್ರೀಡಾಂಗಣವನ್ನು ನಿರಾಶ್ರಿತರಿಗೆ ಬಿಟ್ಟುಕೊಟ್ಟಿದ್ದರು. ಬಸ್ಸುಗಳಿಂದ ಇಳಿದವರೆಲ್ಲ ಉಟ್ಟ ಬಟ್ಟೆಯಲ್ಲೇ ಇದ್ದರು. ಬ್ಯಾಡ್ಮಿಂಟನ್ ಕೋರ್ಟಿನ ಬಿಳಿ ಗೆರೆಗಳೇ ಅವರಿಗೆ ಮನೆಯ ಗೋಡೆಗಳಾದವು. ಈ ಗೆರೆಯಿಂದ ಆ ಗೆರೆಯವರೆಗೆ ಒಂದು ಸಂಸಾರ, ಅಲ್ಲಿಂದಾಚೆ ಇನ್ನೊಂದು. ಬಾಸ್ಕೆಟ್‌ಬಾಲಿನ ರಿಂಗಿಗೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಒಣಹಾಕಿದರು.

ಮೊದಮೊದಲು ಊರು ಕರಗಿಹೋಗಿತ್ತು. ಕಪಾಟುಗಳನ್ನೆಲ್ಲ ಬರಿದು ಮಾಡಿ ಜನ ಬಟ್ಟೆ ತಂದು ಸುರಿದರು. ಕ್ರೀಡಾಂಗಣದ ಬಾಗಿಲಲ್ಲಿ ಬಟ್ಟೆಯದೇ ಒಂದು ಗುಡ್ಡವೆದ್ದಿತು. ಅದನ್ನು ವಿಂಗಡಿಸಿಕೊಡು ಎಂದು ಪುರಸಭೆಯವರು ಟೇಪಕ್ಕನನ್ನು ಕರೆದರು. ಅಂಗಡಿಯನ್ನು ಅತ್ತೆಗೆ ಒಪ್ಪಿಸಿ ಹೋದ ಅವಳು ಗುಡ್ಡದ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಒಳ್ಳೆಯ ಬಟ್ಟೆಗಳು ಇರಲಿಲ್ಲವೆಂದಲ್ಲ. ಆದರೆ ಜಿಪ್ಪು ಕಿತ್ತ ಕೋಟು, ಕಂಕುಳಲ್ಲಿ ಹಳದಿಗಟ್ಟಿದ ಅಂಗಿ, ಒಂಟಿ ಕೈಗವಸು, ಮಿಣಿಮಿಣಿ ಹೊಳೆಯುವ ಪಾರ್ಟಿ ಗೌನು, ಕಿಟಕಿ ಪರದೆ, ಎಲ್ಲಕ್ಕಿಂತ ಮೇಲೆ ಯಾರೋ ಪುಣ್ಯಾತ್ಮರು ಇಟ್ಟುಹೋಗಿದ್ದ ಈಜುಡುಗೆ! ನೀರಿನಿಂದ ತಪ್ಪಿಸಿಕೊಂಡು ಬಂದವರಿಗೆ ಈಜುಡುಗೆ ಕೊಟ್ಟವರ ಬುದ್ಧಿಯನ್ನು ಯಾವ ಟೇಪಿನಲ್ಲಿ ಅಳೆಯುವುದು ಎಂದು ಅವಳು ಅಂದು ಅತ್ತೆಗೆ ಹೇಳಿ ಹೇಳಿ ನಕ್ಕಳು.

ಗುಡ್ಡದೊಳಗಿಂದ ಒಂದು ನೇರಳೆ ಬಣ್ಣದ ಗೌನು ಸಿಕ್ಕಿತು. ತಾನೇ ಹೊಲಿದದ್ದು, ಬೇಕರಿ ಮಾಲೀಕನ ಹೆಂಡತಿಗೆ. ಊರಿನವರು ಆಕೆಯನ್ನು ಬೇಕರಿಯಮ್ಮ ಎನ್ನುತ್ತಿದ್ದರು. ಬಟ್ಟೆ ಇನ್ನೂ ಗಟ್ಟಿಯಾಗಿತ್ತು, ಬೇಕರಿಯಮ್ಮನೇ ಅದರೊಳಗೆ ಹಿಡಿಸದಷ್ಟು ಬೆಳೆದಿದ್ದಳು. ಟೇಪಕ್ಕ ಅದನ್ನು ಎತ್ತಿಟ್ಟುಕೊಂಡು, ಕೋರ್ಟಿನ ಮೂಲೆಯಲ್ಲಿ ಮಗಳೊಂದಿಗೆ ಕೂತಿದ್ದ ಒಬ್ಬ ಹೆಂಗಸಿಗೆ ಕೊಟ್ಟಳು. ಅವಳು ಕಡಲ ದಂಡೆಯಲ್ಲಿ ಮೀನಿನ ಬಲೆ ಹೆಣೆಯುವ ಕೆಲಸದವಳು. ಎಲ್ಲರೂ ಆಗಲೇ ಅವಳನ್ನು ಬಲೆಯಕ್ಕ ಎಂದು ಕರೆಯತೊಡಗಿದ್ದರು. ಎತ್ತರದ ಆಳು, ಗೌನು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಟೇಪಕ್ಕ ಹಿಗ್ಗಿದಳು.

ಮಾರನೆಯ ವಾರ ನೋಡಿದರೆ ಆ ಗೌನು ಒಗೆದು, ಇಸ್ತ್ರಿ ಮಾಡಿದಷ್ಟು ನೀಟಾಗಿ ಮಡಚಿ ಮತ್ತೆ ಗುಡ್ಡದ ಮೇಲೆ ಕೂತಿತ್ತು. ಬಲೆಯಕ್ಕ ತಾನು ಬಂದಿದ್ದ ಹರಕು ಬಟ್ಟೆಯನ್ನೇ ತೊಟ್ಟುಕೊಂಡಿದ್ದಳು. ಅವಳಷ್ಟೇ ಅಲ್ಲ, ಇನ್ನೂ ಐದಾರು ಹೆಂಗಸರು ಕೊಟ್ಟದ್ದನ್ನು ಹಿಂದಿಟ್ಟಿದ್ದರು. ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು? ಆ ಹೊತ್ತಿಗಾಗಲೇ ಜನರ ಕರುಳು ಒಣಗತೊಡಗಿತ್ತು. ಕ್ರೀಡಾಂಗಣದಲ್ಲಿ ಆಟ ನಿಂತಿದೆ, ನೀರು ಸಾಲುತ್ತಿಲ್ಲ, ಇವರು ಹೋಗುವ ಸೂಚನೆಯೇ ಇಲ್ಲ ಎಂಬ ಗೊಣಗಾಟ ಶುರುವಾಗಿತ್ತು. ಟೇಪಕ್ಕನ ಅಂಗಡಿಗೆ ಬಂದವರೆಲ್ಲ ಅಳತೆ ಕೊಡುತ್ತಲೇ ಇದನ್ನೇ ಆಡಿದರು. ದಾನ ಕೊಟ್ಟ ಆಕಳ ಹಲ್ಲು ಎಣಿಸುತ್ತಾರಂತೆ ಎಂದ ಔಷಧಿ ಅಂಗಡಿಯವನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಂತೆ ಎಂದರು ಇನ್ನೊಬ್ಬರು. ಮುನ್ಸೂಚನೆ ಕೊಟ್ಟಾಗಲೇ ಹೊರಟಿದ್ದರೆ ಈ ಪಾಡು ಬರುತ್ತಿತ್ತೇ ಎಂಬುದಂತೂ ಎಲ್ಲರ ಬಾಯಲ್ಲೂ ಇತ್ತು.

ಟೇಪಕ್ಕನಿಗೂ ಒಳಗೊಳಗೆ ಕಸಿವಿಸಿಯೇ. ತಾನೇ ಆರಿಸಿ ಕೊಟ್ಟದ್ದನ್ನು ಬೇಡವೆಂದರಲ್ಲ ಎಂದು. ಅವಳು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಪೈಕಿಯವಳಲ್ಲ. ನೇರ ಹೋಗಿ ಬಲೆಯಕ್ಕನ ಗೆರೆಯೊಳಗೆ ಕಾಲು ಮಡಚಿ ಕೂತು ಕೇಳಿಯೇಬಿಟ್ಟಳು, ಬಟ್ಟೆಯಲ್ಲಿ ಏನು ಐಬಿತ್ತು ಎಂದು.

ಬಲೆಯಕ್ಕ ನಡೆದದ್ದನ್ನು ಹೇಳಿದಳು. ಮಗಳಿಗೆ ಬ್ರೆಡ್ ತರಲು ಬೇಕರಿಗೆ ಹೋಗಿದ್ದಳಂತೆ. ಗಲ್ಲಾದಲ್ಲಿದ್ದ ಬೇಕರಿಯಮ್ಮ ಇವಳನ್ನು ನೋಡಿದ್ದೇ, ಅಯ್ಯೋ ಇದು ನನ್ನ ಗೌನಲ್ಲವಾ ಎಂದು ಎದ್ದು ಬಂದು, ಎಷ್ಟು ಚೆನ್ನಾಗಿ ಒಪ್ಪುತ್ತದೆ, ತಿರುಗಿ, ಹಿಂದೆ ನೋಡೋಣ ಎಂದು ಭುಜ ಹಿಡಿದು ತಿರುಗಿಸಿದಳಂತೆ. ಸಾಲಿನಲ್ಲಿದ್ದವರೆಲ್ಲ ನೋಡಿದರು. ಬ್ರೆಡ್ಡಿಗೆ ದುಡ್ಡೂ ತೆಗೆದುಕೊಳ್ಳಲಿಲ್ಲ. ಹಿಂದೆ ನಿಂತಿದ್ದ ಒಬ್ಬ ಮುದುಕ, ಹೊರಡಿ ಅಂದಾಗ ನೀವು ಯಾಕಮ್ಮ ಹೊರಡಲಿಲ್ಲ ಎಂದು ಬೇರೆ ಕೇಳಿದನಂತೆ.

"ಹೊರಟಿದ್ದಕ್ಕೇ ಅಲ್ವಾ ಅಕ್ಕಾ, ಜೀವ ಉಳಿದು ಇವತ್ತು ಈ ಊರಿನ ಬ್ರೆಡ್ಡಿನ ಸಾಲಲ್ಲಿ ನಿಂತಿರೋದು" ಎಂದಳು ಬಲೆಯಕ್ಕ. "ಆಯಮ್ಮ ಕೆಟ್ಟೋರಲ್ಲ. ಒಳ್ಳೆ ಮನಸ್ಸಿಂದಾನೇ ಅಂದ್ರು. ಆದ್ರೆ ಆ ಗೌನು ಹಾಕ್ಕೊಂಡು ಬೀದೀಲಿ ಹೋದ್ರೆ ನಾನು ಕಾಣೋದೇ ಇಲ್ಲ, ಅವರ ಗೌನೇ ಕಾಣುತ್ತೆ. ಈ ಹರಕಲು ನಂದು. ಇದ್ರಲ್ಲಿ ನಾನು ನಾನೇ."

ಆ ಗೌನನ್ನು ಕೈಯಾರೆ ಕೊಟ್ಟವಳು ತಾನೇ, ಗುರುತು ಸಿಕ್ಕೀತೆಂದು ಹೊಳೆಯಲಿಲ್ಲವಲ್ಲ ಎಂದು ಟೇಪಕ್ಕ ತನ್ನನ್ನೇ ಬೈದುಕೊಳ್ಳುತ್ತ ಎದ್ದುಬಂದಳು.

ಸಂಜೆ ಗಂಡ ಫೋನು ಮಾಡಿದ. ಕಂಬಗಳೆಲ್ಲ ಕಡ್ಡಿ ಮುರಿದಂತೆ ಬಿದ್ದಿವೆ ಎಂದ. ಗೋಡೆಯೇ ಉಳಿಯದ ಮನೆಯೊಂದರ ಬಾಗಿಲು ಮಾತ್ರ ನಿಂತಿದೆ, ಮನೆಯ ಯಜಮಾನ ದಿನಾ ಹೊರಗೆ ಹೋಗುವಾಗ ಆ ಬಾಗಿಲಿಗೆ ಬೀಗ ಹಾಕಿಕೊಂಡೇ ಹೋಗುತ್ತಾನೆ ಎಂದ. ಮೊದಲು ತಮಗೆ ನಗು ಬಂತಂತೆ, ಆಮೇಲೆ ಯಾರೂ ನಗಲಿಲ್ಲವಂತೆ. ತಮ್ಮಲ್ಲಿ ಉಳಿದ ಒಂದೇ ಪಾತ್ರೆಯಲ್ಲಿ ಚಹಾ ಕಾಸಿ ಅಲ್ಲಿಯ ಜನ ಕಂಬದ ಬುಡಕ್ಕೆ ತಂದುಕೊಡುತ್ತಾರೆ, ಬೇಡವೆಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದೂ ಹೇಳಿದ.

ಮರುದಿನ ಬೆಳಗ್ಗೆ ಟೇಪಕ್ಕ ಬೀಗದವನ ಕೈಗಾಡಿ ಕೇಳಿ ಪಡೆದು, ತನ್ನ ಯಂತ್ರವನ್ನೇ ಅದರ ಮೇಲೇರಿಸಿ ಕ್ರೀಡಾಂಗಣಕ್ಕೆ ತಳ್ಳಿಕೊಂಡು ಹೋದಳು. ಬಾಗಿಲು ಮುಚ್ಚಿಸಿ ಹೆಂಗಸರನ್ನೆಲ್ಲ ಗುಡ್ಡದ ಸುತ್ತ ಕೂರಿಸಿಕೊಂಡಳು.

"ನೋಡ್ರಮ್ಮಾ, ಇದು ಇನ್ನು ಮೇಲೆ ಹಳೇ ಬಟ್ಟೆ ಅಲ್ಲ, ಅಂಗಡಿಯಿಂದ ಈಗ ತಂದ ಹೊಸ ಬಟ್ಟೆ ಥಾನು ಅಂದ್ಕೊಳ್ಳಿ" ಎಂದಳು. "ಬಿಚ್ಚಿ, ಕತ್ತರಿಸಿ, ಬೇರೇದೇ ಹೊಲಿಯೋಣ. ಕೊಟ್ಟೋರು ಎದುರಿಗೆ ಬಂದು ನಿಂತ್ರೂ ಗುರುತು ಸಿಗಬಾರದು, ಹಾಗೆ. ಯಾರ್ಯಾರಿಗೆ ಯಾವ್ಯಾವ ಬಣ್ಣ ಬೇಕು ಹೇಳಿ."

ಮನೆ ಬಿಟ್ಟು ಬಂದಾಗಿನಿಂದ ಅವರನ್ನು ಯಾರೂ ಏನು ಬೇಕೆಂದು ಕೇಳಿರಲಿಲ್ಲ. ಕೊಟ್ಟದ್ದನ್ನು ತೆಗೆದುಕೊಳ್ಳುವುದಷ್ಟೇ ರೂಢಿಯಾಗಿತ್ತು. ಕೊನೆಗೆ ಗೋಡೆಗೊರಗಿದ್ದ ಒಬ್ಬ ಅಜ್ಜಿ, ನನಗೆ ಹಸಿರು, ಕಡು ಹಸಿರು, ಮತ್ತೆ ಜೇಬು ಬೇಕು, ಎರಡು ಕಡೆಯೂ, ಎಂದಳು. ಅಲ್ಲಿಗೆ ಕಟ್ಟೆ ಒಡೆಯಿತು. ಒಬ್ಬಳಿಗೆ ಉದ್ದ ತೋಳು, ಒಬ್ಬಳಿಗೆ ಕಾಲರು ಬೇಡ. ಗುಡ್ಡದ ಮೇಲೆ ನಾಲ್ಕು ಕಡೆಯಿಂದ ಕೈಗಳು ಬಿದ್ದವು.

ಹೊಲಿಗೆ ಬಿಚ್ಚುವ ಕೆಲಸ ಬೇಸರದ್ದು, ಆದರೆ ಕಡಲ ಕಡೆಯ ಆ ಹೆಂಗಸರು ಸಿಕ್ಕು ಬಿಡಿಸುವುದರಲ್ಲಿ ಪಳಗಿದವರು. ಬಲೆಯಕ್ಕನ ಬೆರಳು ದಾರದ ತುದಿ ಹಿಡಿದು ಎಳೆದರೆ ತೋಳು ತೋಳೇ ಬಿಚ್ಚಿಕೊಂಡು ಬರುತ್ತಿತ್ತು. ಟೇಪಕ್ಕ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದಳು. ಒಂದರ ಮೈಗೆ ಇನ್ನೊಂದರ ತೋಳು, ಕೋಟಿನ ಒಳಪದರ ಲಂಗವಾಯಿತು, ಕಿಟಕಿ ಪರದೆ ಮಕ್ಕಳ ಅಂಗಿಯಾಯಿತು. ಪಾರ್ಟಿ ಗೌನಿನ ಮಿಣುಕು ಬಿಲ್ಲೆಗಳನ್ನು ಬಿಡಿಸಿ ಹುಡುಗಿಯರ ಕೊರಳಪಟ್ಟಿಗೆ ಹಾಕಿದರು. ಎರಡನೆಯ ದಿನ ಅತ್ತೆಯೂ ಸ್ಟೂಲು ಸಮೇತ ಬಂದಿಳಿದಳು. ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಎಂದರೆ, "ಬೀಗದವನೇ ಪಕ್ಕದಲ್ಲಿರುವಾಗ ಕಳ್ಳರ ಭಯ ಏನೇ?" ಎಂದು ಕಾಜ ಹೊಲಿಯಲು ಕೂತಳು. ಮಂಜುಗಣ್ಣಿನ ಅವಳ ಸೂಜಿಗೆ ದಾರ ಪೋಣಿಸಿಕೊಡಲು ಹೆಂಗಸರು ಸರದಿ ಹಚ್ಚಿದರು. ಮಾತು, ನಗು, ಒಮ್ಮೊಮ್ಮೆ ಯಾರೋ ಹೊಲಿಯುತ್ತಲೇ ಅತ್ತುಬಿಡುವುದು, ಎಲ್ಲವೂ ಅಲ್ಲಿ ನಡೆಯಿತು. ಅತ್ತವರನ್ನು ಸುಮ್ಮನಾಗು ಎಂದು ಟೇಪಕ್ಕ ಹೇಳಲಿಲ್ಲ. ಬಟ್ಟೆ ನೆನೆಯುತ್ತದೆ, ಪಕ್ಕಕ್ಕೆ ಇಟ್ಟು ಅಳು ಎನ್ನುತ್ತಿದ್ದಳು. ಅತ್ತವಳು ಅಳುತ್ತಲೇ ನಗುತ್ತಿದ್ದಳು.

ನೇರಳೆ ಗೌನಿಗೆ ಬೂದು ಬಣ್ಣದ ಗಂಡಸರ ಅಂಗಿಯೊಂದನ್ನು ಜೋಡಿಸಿ, ಸೊಂಟ ಇಳಿಸಿ, ತೋಳು ಬದಲಾಯಿಸಿ ಟೇಪಕ್ಕ ಬೇರೆಯೇ ಉಡುಪು ಕತ್ತರಿಸಿಕೊಟ್ಟಳು. ಹೊಲಿದದ್ದು ಬಲೆಯಕ್ಕ, ತನ್ನ ಕೈಯಿಂದಲೇ. ಎದೆಯ ಮೇಲೆ ಬಲೆಯ ಗಂಟಿನಂಥ ಕಸೂತಿಯೊಂದನ್ನೂ ಹಾಕಿಕೊಂಡಳು. ತೊಟ್ಟು ನಿಂತಾಗ ಟೇಪಕ್ಕನೇ ಒಂದು ಕ್ಷಣ ಅದು ಯಾವ ಬಟ್ಟೆಯಿಂದ ಬಂತೆಂದು ತಡಕಾಡಿದಳು.

ಊರಿನವರು ಕ್ರೀಡಾಂಗಣದ ಹೆಂಗಸರು ಬೀದಿಯಲ್ಲಿ ಓಡಾಡುವುದನ್ನು ಮತ್ತೆ ನೋಡತೊಡಗಿದರು. ತಮ್ಮ ತಮ್ಮ ಬಟ್ಟೆ ಹುಡುಕುವ ಕಣ್ಣುಗಳಿಗೆ ಏನೂ ಸಿಗಲಿಲ್ಲ. ಯಂತ್ರವೂ ಅತ್ತೆಯ ಸ್ಟೂಲೂ ಅಂಗಡಿಗೆ ಮರಳಿದ ಮೇಲೆ, ಒಂದು ಮಧ್ಯಾಹ್ನ ಬಲೆಯಕ್ಕ ದಾರ ಒಯ್ಯಲು ಅಂಗಡಿಗೆ ಬಂದಿದ್ದಳು. ಆಗಲೇ ಬೇಕರಿಯಮ್ಮ ಒಳಗೆ ಬಂದಳು. ಬಂದವಳು ಬಲೆಯಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. ಅತ್ತೆ ಬಾಗಿಲಲ್ಲಿ ಕೆಮ್ಮಿದಳು.

"ಎಷ್ಟು ಚೆನ್ನಾಗಿದೆ ರೀ ಇದು" ಎಂದಳು ಬೇಕರಿಯಮ್ಮ. "ಎಲ್ಲಿ ಹೊಲಿಸಿದ್ರಿ?"

"ನಾನೇ ಹೊಲಿದೆ" ಎಂದಳು ಬಲೆಯಕ್ಕ.

"ನನಗೂ ಒಂದು ಹೀಗೇ ಹೊಲಿದುಕೊಡ್ತೀರಾ? ಈ ನೇರಳೆ ಬಣ್ಣ ಅಂದ್ರೆ ನಂಗೆ ಮೊದಲಿಂದ್ಲೂ ಪ್ರಾಣ."

ಬಲೆಯಕ್ಕ ಟೇಪಕ್ಕನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದರು. ಕೊಡುತ್ತೇನೆ, ಅಳತೆ ಕೊಡಿ ಎಂದು, ಟೇಪಕ್ಕನ ಕೊರಳಿನಿಂದ ಟೇಪು ತೆಗೆದುಕೊಂಡು ಬೇಕರಿಯಮ್ಮನ ಭುಜ ಅಳೆದಳು. ಅಳೆಯುತ್ತಾ, ತುಸು ತಿರುಗಿ ಎಂದಳು. ಬೇಕರಿಯಮ್ಮ ತಿರುಗಿ ನಿಂತಳು. ಆಮೇಲೆ ಇಬ್ಬರೂ ತೋಳಿನ ಉದ್ದ, ಬಟ್ಟೆಯ ದಪ್ಪ, ಮಕ್ಕಳ ಓದು, ಕಡಲ ಗಾಳಿ ಎಂದು ಏನೇನೋ ಮಾತಾಡಿಕೊಂಡರು. ಚಂಡಮಾರುತದಲ್ಲಿ ಎಲ್ಲ ಕಳೆದುಹೋದ ಮೇಲೆ ನಿಮಗೆ ಮೊದಲು ಏನು ನೆನಪಾಯಿತು ಎಂದು ಬೇಕರಿಯಮ್ಮ ಮೆಲ್ಲಗೆ ಕೇಳಿದಾಗ, ಸೂಜಿಡಬ್ಬಿ ಎಂದಳು ಬಲೆಯಕ್ಕ. ಟೇಪಕ್ಕ ಯಂತ್ರ ತುಳಿಯುವುದನ್ನು ನಿಲ್ಲಿಸಿ ಕೇಳುತ್ತ ಕೂತಳು. ಗೌನಿನ ಗುಟ್ಟನ್ನು ಅವಳು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅಷ್ಟು ಬಾಯಿಯವಳು ಅದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡದ್ದೇ ದೊಡ್ಡ ಪವಾಡ ಎಂದು ಅತ್ತೆ ಹೇಳುತ್ತಿದ್ದಳು.

ಗೊಣಗಾಟ ಪೂರ್ತಿ ನಿಂತಿತೆಂದರೆ ಸುಳ್ಳಾದೀತು. ಔಷಧಿ ಅಂಗಡಿಯವನು ಕೊನೆಯವರೆಗೂ ಆಕಳ ಹಲ್ಲಿನ ಮಾತು ಬಿಡಲಿಲ್ಲ. ಆದರೆ ಬೇಕರಿಯಮ್ಮ ತನ್ನ ಗಲ್ಲಾದ ಮುಂದೆ ಅಂಥ ಮಾತು ಎದ್ದರೆ, ಬಲೆಯಕ್ಕ ನಮ್ಮ ಟೇಲರಮ್ಮ, ಸುಮ್ಮನಿರಿ ಎನ್ನತೊಡಗಿದಳು. ಬಲೆಯಕ್ಕನಿಂದ ಬ್ರೆಡ್ಡಿಗೆ ದುಡ್ಡನ್ನೂ ತೆಗೆದುಕೊಳ್ಳತೊಡಗಿದಳು.

ಕಡಲ ದಂಡೆಯಲ್ಲಿ ದೀಪ ಬಂದ ಮೇಲೆ ಟೇಪಕ್ಕನ ಗಂಡ ಅಂಗೈ ತುಂಬ ಗುಳ್ಳೆ ಹೊತ್ತುಕೊಂಡು ಮನೆಗೆ ಬಂದ. ಜನರೂ ಒಬ್ಬೊಬ್ಬರಾಗಿ ವಾಪಸು ಹೊರಟರು. ಇಲ್ಲೇ ಉಳಿದು ಜೊತೆಗೆ ಕೆಲಸ ಮಾಡು ಎಂದು ಟೇಪಕ್ಕ ಬಲೆಯಕ್ಕನನ್ನು ಕೇಳಿಕೊಂಡಳು. ಬಲೆಯಕ್ಕ ಒಪ್ಪಲಿಲ್ಲ. ದೋಣಿಗಳು ಮತ್ತೆ ನೀರಿಗಿಳಿಯುತ್ತಿವೆ, ಬಲೆಯಿಲ್ಲದೆ ಅವರೇನು ಮಾಡುತ್ತಾರೆ ಎಂದಳು. ಬಸ್ಸು ಹತ್ತುವಾಗ ಇಬ್ಬರೂ ಕೈ ಹಿಡಿದುಕೊಂಡರು. ಟೇಪಕ್ಕ ಒಂದು ಹೊಸ ಸೂಜಿಡಬ್ಬಿ ಕೊಟ್ಟಳು. ಬಲೆಯಕ್ಕ ಅದನ್ನು ಮುಚ್ಚಳ ತೆಗೆದು ನೋಡಿ, ಮುಚ್ಚಿ, ಜೇಬಿಗೆ ಹಾಕಿಕೊಂಡಳು.

ಕೆಲವು ವರ್ಷಗಳ ಮೇಲೆ ಬೇರೊಂದು ಕಡೆ ಪ್ರವಾಹ ಬಂದಿತು. ಬಟ್ಟೆ ಕೂಡಿಹಾಕಲು ಪುರಸಭೆಯವರು ಈ ಸಲ ಮೊದಲೇ ಟೇಪಕ್ಕನ ಬಳಿಗೆ ಬಂದರು. ಅವಳು ಎರಡೇ ಕಟ್ಟಳೆ ಹಾಕಿದಳು. ಕೊಳೆ ಬಟ್ಟೆ ತಂದವರು ಒಗೆದು ತರಬೇಕು, ಗುಂಡಿ ಕಿತ್ತದ್ದನ್ನು ತಂದವರು ಅಲ್ಲೇ ಕೂತು ಗುಂಡಿ ಹಾಕಿಕೊಟ್ಟು ಹೋಗಬೇಕು. ಪುರಸಭೆಯ ಅಂಗಳದಲ್ಲಿ ಬೆಂಚು ಹಾಕಿಸಿ, ಗುಂಡಿಯ ಡಬ್ಬಿ ಮುಂದಿಟ್ಟುಕೊಂಡು ಕೂತಳು. ಬೇಕರಿಯಮ್ಮ ಪಕ್ಕದಲ್ಲಿ ಕೂತು ಬಂದವರಿಗೆ ದಾರ ಪೋಣಿಸಿಕೊಟ್ಟಳು.

ಔಷಧಿ ಅಂಗಡಿಯವನೂ ಒಂದು ಅಂಗಿ ತಂದಿದ್ದ. ಎರಡು ಗುಂಡಿ ಇರಲಿಲ್ಲ. ಮೊದಲು ಮುಖ ಊದಿಸಿದ, ಆಮೇಲೆ ಬೆಂಚಿನ ತುದಿಯಲ್ಲಿ ಕೂತು, ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಹೆಬ್ಬೆರಳಿಗೆ ಒಂದೆರಡು ಸಲ ಚುಚ್ಚಿಸಿಕೊಂಡು ಬೆವರುತ್ತಾ ಹೊಲಿದ. ಮುಗಿಸಿ ಟೇಪಕ್ಕನ ಮುಂದೆ ಹಿಡಿದ. ಅವಳು ಗುಂಡಿ ಹಿಡಿದು ಒಮ್ಮೆ ಜಗ್ಗಿದಳು. ಅದು ಕೈಗೇ ಬಂತು.

"ಪರವಾಗಿಲ್ಲ ಅಣ್ಣಾ" ಎಂದು ಅವಳು ಗುಂಡಿಯನ್ನು ಅವನ ಅಂಗೈಗೆ ಮರಳಿ ಇಟ್ಟಳು. "ಕೂತ್ಕೊಳ್ಳಿ. ದಾರ ಎರಡೆಳೆ ಮಾಡ್ಕೊಳ್ಳಿ. ಹಾಕ್ಕೊಳ್ಳೋರಿಗೆ ಇದು ತುಂಬಾ ದಿನ ಬರಬೇಕು."

ಅವನು ಮತ್ತೆ ಕೂತ.