ಮೂರನೆಯ ಸರದಿಯ ದೀಪ

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಹೋದ ವರ್ಷದ ಕ್ಯಾಲೆಂಡರ್ ಇನ್ನೂ ತೂಗುತ್ತಿದೆ. ಅದರ ಮೇಲೆ ಹೊಸದು ಬಂದಿದ್ದರೂ ಹಳೆಯದನ್ನು ತೆಗೆಯಲು ನನಗೆ ಮನಸ್ಸಿಲ್ಲ. ದಿನಸಿ ಅಂಗಡಿಯವರು ಕೊಟ್ಟದ್ದು. ಮೇಲೆ ಕಮಲದ ಮೇಲೆ ಕುಳಿತ ಲಕ್ಷ್ಮಿ, ಕೆಳಗೆ ದಿನಗಳ ಚೌಕಗಳು, ಡಿಸೆಂಬರಿನಲ್ಲಿ ಮಾತ್ರ ಅಲ್ಲಲ್ಲಿ ಕೆಂಪು ಪೆನ್ಸಿಲಿನ ಸಣ್ಣ ಚುಕ್ಕೆ. ಮನೆಗೆ ಬಂದ ಗಂಡಸರು ಆ ಚುಕ್ಕೆಗಳನ್ನು ನಲ್ಲಿಯಲ್ಲಿ ನೀರು ಬಾರದ ದಿನಗಳ ಗುರುತೆಂದು ತಿಳಿಯುತ್ತಾರೆ. ಹೆಂಗಸರು ಒಮ್ಮೆ ನೋಡಿ, ಏನೂ ನೋಡಲಿಲ್ಲವೆಂಬಂತೆ ಲಕ್ಷ್ಮಿಯ ಕಡೆ ಕಣ್ಣು ಹೊರಳಿಸುತ್ತಾರೆ. ನಾನು ತಿಂಗಳಿಗೊಮ್ಮೆ ಹೊರಗಾದ ದಿನಗಳ ಲೆಕ್ಕ ಅದು. ನವೆಂಬರಿನಿಂದ ಹಿಂದಕ್ಕೆ ನೋಡುತ್ತ ಹೋದರೆ ಜನವರಿಯವರೆಗೂ ಚುಕ್ಕೆಯೇ ಇಲ್ಲ. ಬೆಳದಿಂಗಳು ಬಿದ್ದ ಅಂಗಳದ ಹಾಗೆ ಬರಿದಾಗಿ, ಬೆಳ್ಳಗೆ, ಸುಮ್ಮನೆ ಇದೆ.

ಓದುವ ಗೆಳತಿ, ನನಗೆ ಎಣಿಸುವ ಹುಚ್ಚು. ಜಯನಗರದ ನಮ್ಮ ಮನೆಯಿಂದ ನಾನು ಪಾಠ ಹೇಳುವ ಹೆಣ್ಣುಮಕ್ಕಳ ಶಾಲೆಗೆ ಒಂಬೈನೂರ ನಲವತ್ತು ಹೆಜ್ಜೆ. ದಾರಿಯಲ್ಲಿ ಮುಗಿದ ಮನೆಗಳು ಹನ್ನೊಂದು, ತಳಪಾಯ ಎದ್ದವು ಆರು, ಇನ್ನೂ ರಾಗಿ ಹೊಲವಾಗಿಯೇ ಉಳಿದ ಸೈಟುಗಳು ಲೆಕ್ಕಕ್ಕೆ ಸಿಗುವುದಿಲ್ಲ, ಏಕೆಂದರೆ ಬೆಳೆದು ನಿಂತ ರಾಗಿಗೆ ಸೈಟಿನ ಗಡಿಕಲ್ಲು ಕಾಣಿಸುವುದಿಲ್ಲ. ಇದನ್ನೆಲ್ಲ ದಿನಚರಿಯಲ್ಲಿ ಬರೆದಿಡುತ್ತೇನೆ. ಬರೆದದ್ದು ನನಗೆ ಮರೆಯುವುದಿಲ್ಲ. ಬರೆಯದೆ ಬಿಟ್ಟದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ನನ್ನ ಕಥೆಯೆಲ್ಲ ಈ ಒಂದು ದೋಷದಿಂದ ಹುಟ್ಟಿದ್ದು.

ನಮ್ಮ ಶಾಲೆ ಒಂದು ಬಾಡಿಗೆ ಬಂಗಲೆಯಲ್ಲಿದೆ. ಪ್ರತಿ ಶುಕ್ರವಾರ ಬೆಳಿಗ್ಗೆ ದೊಡ್ಡ ಹಜಾರದಲ್ಲಿ ಸರಸ್ವತಿಯ ಪಟದ ಮುಂದೆ ದೀಪ ಹಚ್ಚಿ ಪ್ರಾರ್ಥನೆ. ಹಚ್ಚುವವರು ಮುತ್ತೈದೆಯರಾದ ನಾವು ನಾಲ್ವರು ಟೀಚರುಗಳು, ಸರದಿಯಂತೆ. ಮುಖ್ಯೋಪಾಧ್ಯಾಯಿನಿ ರುಕ್ಮಿಣಮ್ಮನವರು ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು. ಅವರು ಹಚ್ಚುವ ಹಾಗಿಲ್ಲ. ಒಳಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಸರದಿಯವಳ ಕೈಗೆ ಬೆಂಕಿಪೊಟ್ಟಣ ಕೊಡುವುದಷ್ಟೇ ಅವರ ಕೆಲಸ. ಇಡೀ ಶಾಲೆಯನ್ನು ಒಂದು ಹುಬ್ಬಿನಲ್ಲಿ ಆಳುವ ಆ ಹೆಂಗಸು, ವಾರಕ್ಕೆ ಐದು ನಿಮಿಷ, ತಮ್ಮದೇ ಶಾಲೆಯಲ್ಲಿ ಬಾಗಿಲಿನವರಾಗಿ ನಿಲ್ಲುತ್ತಿದ್ದರು.

ಹೊರಗಾದವಳು ದೀಪ ಮುಟ್ಟುವುದಿಲ್ಲ. ಸರದಿಯನ್ನು ಇನ್ನೊಬ್ಬಳಿಗೆ ಬಿಟ್ಟುಕೊಟ್ಟು ಜಗುಲಿಯ ಕಂಬದ ಹತ್ತಿರ ನಿಂತುಕೊಳ್ಳುತ್ತಾಳೆ. ಕಾರಣ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ವಿಚಿತ್ರವೆಂದರೆ ನನ್ನ ಸರದಿ ಬರುವುದು ನಾಲ್ಕು ವಾರಕ್ಕೊಮ್ಮೆ, ನನ್ನ ದೇಹದ ಲೆಕ್ಕವೂ ಸರಿಯಾಗಿ ನಾಲ್ಕು ವಾರ. ಕೆಲಸಕ್ಕೆ ಸೇರಿದ ಜುಲೈ ತಿಂಗಳಿನಿಂದ ಐದು ಸಲ ಸರದಿ ಬಂತು, ಐದು ಸಲವೂ ನಾನು ಕಂಬದ ಹತ್ತಿರ. ಡ್ರಾಯಿಂಗ್ ಟೀಚರ್ ವಿಮಲಾ ನಗುತ್ತಿದ್ದಳು: “ಏನ್ರೀ ಸುಶೀಲಾ, ಸರಸ್ವತಿಗೂ ನಿಮಗೂ ಟೂ ಬಿಟ್ಟಿದೆಯಾ?”

ಆರನೆಯ ಸರದಿಗೆ, ಡಿಸೆಂಬರಿನಲ್ಲಿ, ನಾನು ದೀಪ ಹಚ್ಚಿದೆ. ಎರಡು ದಿನ ತಡವಾಗಿದೆ ಅಷ್ಟೆ ಎಂದುಕೊಂಡಿದ್ದೆ. ಬತ್ತಿ ಮೊದಲು ಹೊಗೆಯಾಡಿ, ಆಮೇಲೆ ನಿಧಾನವಾಗಿ ತಲೆಯೆತ್ತಿ ನಿಂತಿತು. ಆ ಕುಡಿಯನ್ನು ನೋಡುತ್ತ ನೋಡುತ್ತ ಒಳಗೆಲ್ಲೋ ಇನ್ನೊಂದು ಹತ್ತಿಕೊಂಡಿದೆ ಎನಿಸಿ, ಪ್ರಾರ್ಥನೆಯ ಎರಡು ಸಾಲು ಬಿಟ್ಟೇಹೋಯಿತು. ಮುಂದಿನದನ್ನು ಸಂಕ್ರಾಂತಿಯ ಆಸುಪಾಸಿನಲ್ಲಿ ಹಚ್ಚಿದೆ. ಆಗ ಸಂಶಯವಿರಲಿಲ್ಲ, ಅವರೆಕಾಯಿಯ ಸೊಗಡು ಬಂದರೆ ಸಾಕು, ಹೊಟ್ಟೆ ತೊಳೆಸುತ್ತಿತ್ತು.

ಯಾವಾಗ ಹೇಳುವುದು? ಆ ದಿನಗಳಲ್ಲಿ ನಾನು ಎಚ್ಚರದಲ್ಲೂ ಕನಸಿನಲ್ಲೂ ಕೇಳಿಕೊಂಡದ್ದು ಇದೊಂದನ್ನೇ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಫೆಬ್ರವರಿಯ ಕೊನೆಗೆ ಶಾಲೆಯ ಸಮಿತಿ ಸೇರಿ ತೀರ್ಮಾನಿಸಬೇಕಿತ್ತು. ನನಗಿಂತ ಮುಂಚೆ ಇದ್ದ ಟೀಚರೊಬ್ಬರು ಹೀಗೆಯೇ ಖಾಯಮಾಗುವ ಮೊದಲು ಬಾಯಿಬಿಟ್ಟರಂತೆ. ಬೇಸಿಗೆ ರಜೆ ಕಳೆದ ಮೇಲೆ ಬರುವುದು ಬೇಡ ಎಂದು ಸಮಿತಿಯವರು ಹೇಳಿ ಕಳಿಸಿದರಂತೆ. ನಮ್ಮ ಮನೆತನದ ಹೆಂಗಸರಲ್ಲಿ ತನ್ನದೆಂಬ ಒಂದು ಕುರ್ಚಿ, ತನ್ನದೆಂಬ ಒಂದು ಬೀಗದ ಕೈ, ವೇಳಾಪಟ್ಟಿಯಲ್ಲಿ ತನ್ನದೆಂಬ ಒಂದು ಹೆಸರು ಇರುವವಳು ನಾನೊಬ್ಬಳೇ. ಅದನ್ನು ಬಿಡಲು ನನಗೆ ಇಷ್ಟವಿರಲಿಲ್ಲ. ದಿನಚರಿಯ ಪುಟವನ್ನು ಎರಡಾಗಿ ಗೀಟಿ, ಹೇಳಿದರೆ ಏನು, ಹೇಳದಿದ್ದರೆ ಏನು ಎಂದು ಬರೆದೆ. ಸೀರೆಯ ನೆರಿಗೆಗಳನ್ನು ಎಣಿಸಿದೆ: ಎಂಟಿದ್ದದ್ದು ಏಳಾಗಿದೆ, ಐದಕ್ಕೆ ಇಳಿದಾಗ ಎಲ್ಲರಿಗೂ ತಿಳಿದೀತು, ಅಷ್ಟರೊಳಗೆ ಸಮಿತಿ ಮುಗಿದಿರುತ್ತದೆ. ಲೆಕ್ಕವೇನೋ ಚೆನ್ನಾಗಿತ್ತು. ಅದರಲ್ಲಿ ದೀಪ ಒಂದನ್ನು ಸೇರಿಸಿರಲಿಲ್ಲ.

ಫೆಬ್ರವರಿಯ ನಡುವೆ ಮೂರನೆಯ ದೀಪದ ಸರದಿ ಬಂತು. ಹಿಂದಿನ ದಿನ ವಿಮಲಾ, “ಮತ್ತೆ ನೀವೇನಾ? ಈಚೆಗೆ ರಾಜಿಯಾದ ಹಾಗಿದೆ ಸರಸ್ವತಿ ಜೊತೆ!” ಎಂದು ಕಣ್ಣು ಮಿಟುಕಿಸಿದಾಗ, ಇವಳೂ ಎಣಿಸುತ್ತಿದ್ದಾಳೆ ಎನಿಸಿತು. ಶುಕ್ರವಾರ ಬೆಳಿಗ್ಗೆ ಹಜಾರದ ಬಾಗಿಲಲ್ಲಿ ರುಕ್ಮಿಣಮ್ಮನವರು ಬೆಂಕಿಪೊಟ್ಟಣ ನೀಡಿದರು. ನಾನು ಕೈ ಹಿಂದಕ್ಕೆ ಎಳೆದುಕೊಂಡು, “ವಿಮಲಾ ಹಚ್ಲಿ ಮೇಡಂ,” ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಪೊಟ್ಟಣವನ್ನು ಆಚೆ ನೀಡಿದರು. ನಾನು ಹೋಗಿ ಕಂಬದ ಹತ್ತಿರ ನಿಂತೆ. ಒಳಗೆ ನೂರು ಹುಡುಗಿಯರು ಹಾಡುತ್ತಿದ್ದರು. ಇನ್ನೂ ಕಿವಿ ಮೂಡಿರದ ಯಾರೋ ಒಬ್ಬರಿಗೆ, ‘ನೀನು ಇಲ್ಲ’ ಎಂದು ಹೇಳಿ ಬಂದ ಹಾಗಾಯಿತು. ಅಂದಿನ ದಿನಚರಿಯಲ್ಲಿ ಹವೆ ಬರೆದೆ, ಪಾಠ ಬರೆದೆ. ಆ ಸುಳ್ಳನ್ನು ಮಾತ್ರ ಬರೆಯಲು ಕೈ ಬರಲಿಲ್ಲ.

ಬರೆಯಲಿಲ್ಲವಾದ್ದರಿಂದ ಮರೆತೆ. ಭಾನುವಾರ ಬೆಳಿಗ್ಗೆ ದಿನಚರಿ ತೆರೆದರೆ, ಎರಡು ವಾರ ಮೊದಲೇ ನನ್ನ ಕೈಯಲ್ಲೇ ಬರೆದದ್ದಿತ್ತು: ‘ಮೂರು ತುಂಬಿತು. ಬನಶಂಕರಿ ಗುಡಿ. ಹರಕೆ.’ ನನ್ನ ದಿನಚರಿ ಹೇಳಿದ್ದನ್ನು ನಾನು ಮೀರುವವಳಲ್ಲ. ತಲೆಗೆ ಎರೆದುಕೊಂಡು, ಮಲ್ಲಿಗೆ ಮುಡಿದು, ನಮ್ಮವರೊಂದಿಗೆ ಬಂಡಿಜಾಡಿನ ದಾರಿಯಲ್ಲಿ ಗಾಳಿಯಲ್ಲಿ ತೇಲುವವಳಂತೆ ನಡೆದೆ. ಮಂಜು ಇನ್ನೂ ಕರಗಿರಲಿಲ್ಲ. ಕತ್ರಿಗುಪ್ಪೆಯ ಕಡೆಯಿಂದ ಕೊನೆಯ ಅವರೆಕಾಯಿಯ ಮೂಟೆ ಹೊತ್ತ ಗಾಡಿಗಳು ಎತ್ತಿನ ಗಂಟೆಯಾಗಿ ಮಾತ್ರ ಕೇಳಿಸುತ್ತಿದ್ದವು. ಪೂಜೆಯಾಯಿತು. ಹಣೆ ತುಂಬ ಕುಂಕುಮ, ಕೈಯಲ್ಲಿ ತೆಂಗಿನ ಹೋಳು ಹಿಡಿದು ಹೊರಗೆ ತಿರುಗಿದರೆ, ಪ್ರಾಕಾರದ ಮೂಲೆಯಲ್ಲಿ ಒಂದು ಬಿಳಿಯ ಸೀರೆ. ರುಕ್ಮಿಣಮ್ಮನವರು.

ನಾನು ಅಲ್ಲೇ ನಿಂತುಬಿಟ್ಟೆ. ಅವರೇ ಎದ್ದು ಬಂದರು.

“ಶುಕ್ರವಾರ ಹೊರಗಿದ್ರಿ. ಇವತ್ತು ಭಾನುವಾರ. ಲೆಕ್ಕ ನಂಗೆ ತಪ್ತೋ, ನಿಮ್ಗೋ?”

ಶಾಲೆಯ ಸಂಗತಿ ಯಾವುದೂ ತಿಳಿಯದ ನಮ್ಮವರು ಮುಖವರಳಿಸಿಕೊಂಡು, “ಮೂರು ತಿಂಗಳು ತುಂಬ್ತಲ್ಲ ಮೇಡಂ, ಅದಕ್ಕೇ ಹರಕೆ ತೀರ್ಸೋಕೆ ಬಂದ್ವಿ!” ಎಂದರು. ನಾನು ಎರಡು ತಿಂಗಳು ಅಳೆದು ಸುರಿದು ಕಾದಿಟ್ಟ ಮಾತು ಒಂದೇ ಉಸಿರಿಗೆ ಗುಡಿಯ ಅಂಗಳದಲ್ಲಿ ಬಿತ್ತು.

“ತುಂಬ ಸಂತೋಷ. ನೀವೊಂದು ಪ್ರದಕ್ಷಿಣೆ ಹಾಕ್ಕೊಂಡ್ಬನ್ನಿ,” ಎಂದರು ಅವರು ನಮ್ಮವರಿಗೆ. “ಮೂರು ಹಾಕಿದ್ರೂ ಆಗುತ್ತೆ.”

ನಮ್ಮವರು ಮರೆಯಾದ ಮೇಲೆ ರುಕ್ಮಿಣಮ್ಮನವರು ದನಿ ತಗ್ಗಿಸಿದರು. “ನಂಗೆ ಸಂಕ್ರಾಂತಿ ಹೊತ್ತಿಗೇ ಗೊತ್ತಿತ್ತು ಸುಶೀಲಾ. ಐದು ಸಲ ಸರದಿ ಬಿಟ್ಟೋರು ಎರಡು ಸಲ ಹಚ್ಚಿದ್ರಿ. ಎಣಿಸೋಕೆ ನಿಮಗೊಬ್ರಿಗೇ ಬರೋದಾ?”

“ತಪ್ಪಾಯ್ತು ಮೇಡಂ. ಸಮಿತಿ ಮುಗೀಲಿ ಅಂತ...”

“ಯಾವಾಗ ಹೇಳ್ಬೇಕು ಅನ್ನೋದು ನಿಮ್ಮಿಷ್ಟ, ಅದಕ್ಕೆ ಕೋಪ ಇಲ್ಲ. ಆದ್ರೆ ಆ ಕಂಬದ ಹತ್ರ ಹೋಗಿ ನಿಂತ್ರಲ್ಲ, ಅದ್ಯಾಕೆ? ನನ್ನ ನಿಲ್ಸಿದಾರೆ, ನಿಂತಿದೀನಿ. ನಿಮ್ಮನ್ನ ಯಾರಮ್ಮ ನಿಲ್ಸಿದ್ರು?”

ಗೆಳತಿ, ಈ ಪ್ರಶ್ನೆಗೆ ಯಾವ ಕಾಲಂನಲ್ಲೂ ಜಾಗವಿರಲಿಲ್ಲ. ಹೇಳುವ ದಿನವನ್ನು ಹುಡುಕುತ್ತಿದ್ದೇನೆಂದು ನಾನು ತಿಳಿದಿದ್ದೆ. ನಿಜವಾಗಿ ಹುಡುಕುತ್ತಿದ್ದುದು ನಿಲ್ಲುವ ಜಾಗವನ್ನು. ಬಾಗಿಲಲ್ಲಿ ನಿಂತು ಇಷ್ಟು ವರ್ಷ ಬೆಂಕಿಪೊಟ್ಟಣ ಮಾತ್ರ ಕೊಟ್ಟ ಕೈಯ ಮುಂದೆ, ದೀಪವೇ ಬೇಡವೆಂದು ನಾನು ಕೈ ಎಳೆದುಕೊಂಡಿದ್ದೆ.

ಸೋಮವಾರ ಅವರ ಕೋಣೆಗೆ ಹೋಗಿ, ನನ್ನ ಬಾಯಿಂದಲೇ ಇನ್ನೊಮ್ಮೆ ಹೇಳಿದೆ. ಸಮಿತಿಗೆ ತಾವು ಸುಳ್ಳು ಹೇಳುವುದಿಲ್ಲವೆಂದೂ, ಪಾಠದ ವಿಷಯ ಮೊದಲು ಹೇಳಿ ಉಳಿದದ್ದನ್ನು ಆಮೇಲೆ ಹೇಳುವುದಾಗಿಯೂ ಅವರು ಹೇಳಿದರು. ಸಮಿತಿ ನನ್ನನ್ನು ಖಾಯಂ ಮಾಡಲಿಲ್ಲ. ಹೆರಿಗೆ ಮುಗಿಸಿ ಬರಲಿ, ಇನ್ನೊಂದು ವರ್ಷ ನೋಡೋಣ ಎಂದರು. ನಾನು ಅತ್ತುಬಿಟ್ಟೆ. ಆದರೆ ಬರುವುದು ಬೇಡ ಎನ್ನಲಿಲ್ಲ. ಕುರ್ಚಿ ಉಳಿಯಿತು, ಬೀಗದ ಕೈ ಉಳಿಯಿತು. ಅದಕ್ಕೂ ಮುಂಚೆ, ನಾನು ಹೇಳಿದ ವಾರದ ಶುಕ್ರವಾರವೇ, ವಿಮಲಾಳ ಸರದಿಯಿದ್ದರೂ ಬೆಂಕಿಪೊಟ್ಟಣ ನನ್ನ ಕೈಗೆ ಬಂದಿತ್ತು. “ಹೋದ ವಾರದ್ದು ಬಾಕಿ ಇದೆ,” ಎಂದಿದ್ದರು ರುಕ್ಮಿಣಮ್ಮನವರು.

ಮಗಳು ಆಗಸ್ಟಿನಲ್ಲಿ ಹುಟ್ಟಿದಳು. ಡಿಸೆಂಬರಿನಲ್ಲಿ ಶಾಲೆಗೆ ಮರಳಿದೆ. ಈಗ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಡುಗೆಮನೆಗೆ ಹೋದರೆ ಕ್ಯಾಲೆಂಡರಿಗೇ ಕೈ ಚಾಚುತ್ತಾಳೆ. ಹೊಸದನ್ನು ಪಕ್ಕಕ್ಕೆ ಸರಿಸಿ ಹಳೆಯದರ ಬೆಳ್ಳಗಿನ ಚೌಕಗಳನ್ನು ಬೆರಳಿನಿಂದ ಬಡಿಯುತ್ತಾಳೆ. ತಾನಿದ್ದ ಮನೆಯ ಗುರುತು ಅವಳಿಗೆ ಸಿಕ್ಕಿರಬೇಕು. ಆ ಫೆಬ್ರವರಿಯ ಶುಕ್ರವಾರವೂ ಅಲ್ಲಿ ಖಾಲಿಯೇ ಇದೆ. ನಾನು ಶಾಲೆಗೆ ಏನು ಹೇಳಿದರೂ ಕ್ಯಾಲೆಂಡರಿಗೆ ಸುಳ್ಳು ಹೇಳಿರಲಿಲ್ಲ.

ಮೊನ್ನೆ ಹೊಸ ಕ್ಯಾಲೆಂಡರಿನಲ್ಲಿ ಮೊದಲ ಚುಕ್ಕೆ ಇಟ್ಟೆ. ಶುಕ್ರವಾರ ನನ್ನದೇ ಸರದಿ. ವಿಮಲಾ ದೀಪ ಹಚ್ಚಿದಳು. ನಾನು ಜಗುಲಿಯ ಕಂಬದ ಹತ್ತಿರ ನಿಂತೆ, ರುಕ್ಮಿಣಮ್ಮನವರು ಒಳಬಾಗಿಲು ಬಿಟ್ಟು ಜಗುಲಿಯ ಬಾಗಿಲಿಗೆ ಬಂದು ನಿಂತರು. ನಮ್ಮಿಬ್ಬರ ನಡುವೆ ಒಂದು ಹೊಸ್ತಿಲು ಮಾತ್ರ ಇತ್ತು. ಅಲ್ಲಿಂದಲೂ ದೀಪ ಚೆನ್ನಾಗಿಯೇ ಕಾಣುತ್ತಿತ್ತು.

ದೀಪದಿಂದ ಕಣ್ಣು ತೆಗೆಯದೆ ಅವರು ಕೇಳಿದರು: “ಈ ಸಲ ಲೆಕ್ಕ ಸರಿಯಿದೆಯೇನಮ್ಮ?”

“ಬರ್ದಿಟ್ಟಿದೀನಿ ಮೇಡಂ,” ಎಂದೆ.